ಗಿಟಾರಿನ ಪೆಟ್ಟಿಗೆಯಲ್ಲೊಂದು ಹಪ್ಪಳ

ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ನನ್ನ ಮೊಮ್ಮಗಳು ಒಂದು ಕಪ್ಪು ಮರದ ಪೆಟ್ಟಿಗೆಯನ್ನು ಎಳೆಮಗುವಿನ ಹಾಗೆ ಎರಡೂ ಕೈಯಲ್ಲಿ ಅವಚಿಕೊಂಡು ಬರುತ್ತಿದ್ದಳು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವಳ ಸ್ಕೂಲಿಗೆ ಅವತ್ತು ಬೇಸಿಗೆ ರಜಾ ಕೊಟ್ಟಿದ್ದರು. ಏರಿಯ ಕೆಳಗೇ ನಮ್ಮ ಹಿಪ್ಪುನೇರಳೆ ತೋಟ. ನಾನೂ ನನ್ನ ವಾರಗಿತ್ತಿಯೂ ಸೊಪ್ಪು ಕೊಯ್ಯುತ್ತಿದ್ದೆವು. ವಾರಗಿತ್ತಿ ಸೊಂಟ ನೆಟ್ಟಗೆ ಮಾಡಿಕೊಂಡು ಏರಿಯ ಕಡೆ ನೋಡಿದಳು.

"ಅಕ್ಕಾ, ನಿನ್ ಮೊಮ್ಮಗ್ಳು ಯಾರ್ದೋ ಎಣದ್ ಪೆಟ್ಗೆ ಒತ್ಕೊಂಡ್ ಬತ್ತಾವ್ಳಲ್ಲೇ!"

"ಥೂ, ಬಿಡ್ತು ಅನ್ನೇ! ರಜಾ ಕೊಟ್ ದಿನ ಮಗೀಗೆ ಇಂಗಾ ಅನ್ನಾದು?"

ಪೆಟ್ಟಿಗೆಯಲ್ಲಿ ಇದ್ದದ್ದು ಗಿಟಾರು. ಯಲಹಂಕದಲ್ಲಿ ಅವಳು ಓದುತ್ತಿದ್ದ ಸ್ಕೂಲಿನದು. ಅಲ್ಲಿನ ಸಂಗೀತದ ಟೀಚರು ಮಂಗಳೂರಿನ ಕಡೆಯವರು, ರಜೆಗೆ ಊರಿಗೆ ಹೋಗುವವರು. ಹಿಂದಿನ ಬೇಸಿಗೆಯಲ್ಲಿ ಬೀಗ ಹಾಕಿದ ಕೋಣೆಯಲ್ಲಿ ಒಣಗಿ ಒಣಗಿ ಈ ಗಿಟಾರಿನ ಹೊಟ್ಟೆ ಸೀಳಿತ್ತಂತೆ. ರಿಪೇರಿ ಮಾಡುವವರು ಅಂಟು ಹಾಕಿ ಕೂಡಿಸಿ, ಇನ್ನೊಂದು ಸಲ ಇದೇ ಜಾಗದಲ್ಲಿ ಬಾಯಿ ಬಿಟ್ಟರೆ ನನ್ನ ಹತ್ತಿರ ತರಬೇಡಿ, ಒಲೆಗೆ ಹಾಕಿ ಅಂದಿದ್ದರಂತೆ. ಈ ಬೇಸಿಗೆಗೆ ಎಲ್ಲಿಡುವುದು ಅಂತ ಟೀಚರು ಕ್ಲಾಸಿನಲ್ಲಿ ಚಿಂತೆ ಮಾಡಿದಾಗ ನನ್ನ ಮೊಮ್ಮಗಳು ಎದ್ದು ನಿಂತಿದ್ದಾಳೆ. "ಮಿಸ್, ನಮ್ಮಜ್ಜಿ ಹುಳದ ಮನೇಲಿ ಗಾಳಿಯ ತೇವಾನ ರೇಡಿಯೋ ಸೌಂಡ್ ಥರ ಜಾಸ್ತಿ ಕಮ್ಮಿ ಮಾಡ್ತಾರೆ" ಅಂದಿದ್ದಾಳೆ.

ಈ ಮಾತು ಕೇಳಿದ್ದೇ ನನಗೆ ಕೈಯಲ್ಲಿದ್ದ ಸೊಪ್ಪಿನ ಕಂತೆಯೇ ಮರೆತುಹೋಯಿತು. ಮೂರನೇ ಕ್ಲಾಸಿಗೆ ಬಿಟ್ಟವಳು ನಾನು. ನನ್ನ ಕೆಲಸವನ್ನು ಒಂದು ಸ್ಕೂಲಿನಲ್ಲಿ, ಅಷ್ಟು ಮಕ್ಕಳ ಮುಂದೆ, ನನ್ನ ಮೊಮ್ಮಗಳು ಜಂಬದಿಂದ ಹೇಳಿಕೊಂಡಿದ್ದಾಳೆ! ಆಗಲೇ ತೀರ್ಮಾನ ಮಾಡಿದೆ, ಈ ಗಿಟಾರನ್ನು ನಾನು ಕಾಪಾಡಿಯೇ ಸಿದ್ಧ ಅಂತ.

ಕರಾರು ಹೀಗಿತ್ತು. ಸ್ಕೂಲು ತೆರೆದ ದಿನ ಗಿಟಾರು ಹೋದ ಹಾಗೇ ವಾಪಸ್ ಬಂದರೆ ಆ ವರ್ಷವೆಲ್ಲ ನನ್ನ ಮೊಮ್ಮಗಳೇ ಅದನ್ನು ನುಡಿಸಬಹುದು. ಅಂಟು ಬಿಟ್ಟುಕೊಂಡರೆ ಗಿಟಾರೂ ಇಲ್ಲ, ಪಾಠವೂ ಇಲ್ಲ. ಸ್ಕೂಲಿನವರು ಇನ್ನೊಂದು ತರಿಸುವುದಿಲ್ಲ.

"ಅಜ್ಜಿ, ರಿಪೇರಿಯವರು ಇನ್ನೂ ಒಂದು ಹೇಳಿದಾರಂತೆ" ಅಂತ ಅವಳು ನನ್ನ ಹಿಂದೆಯೇ ಓಡಿ ಬಂದಳು. "ದೀಪಾವಳಿ ಮುಗಿದ ಮೇಲಿನ ಒಂದು ಒಳ್ಳೆ ಮಧ್ಯಾಹ್ನ ಹೆಂಗಿರುತ್ತೋ, ಪೆಟ್ಟಿಗೆ ಒಳಗೆ ಯಾವಾಗ್ಲೂ ಹಂಗಿರಬೇಕಂತೆ."

"ಆಯ್ತು ಕಣವ್ವ, ಆಯ್ತು" ಅಂದೆ. ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಆಗಲೇ ಜಾಗ ಗೊತ್ತಾಗಿಬಿಟ್ಟಿತ್ತು.

ನಾನು ಮಾಡುತ್ತಿದ್ದದ್ದು ಚಾಕಿ ಕೆಲಸ. ಅಂದರೆ ಮೊಟ್ಟೆಯಿಂದ ಆಗಷ್ಟೇ ಹೊರಬಂದ, ಇರುವೆ ಗಾತ್ರದ ರೇಷ್ಮೆ ಮರಿಹುಳಗಳನ್ನು ಸಾಕಿ, ಎರಡನೇ ಜ್ವರ ದಾಟಿಸಿ, ಬೇರೆ ರೈತರಿಗೆ ಕೊಡುವುದು. ಹುಳ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ನಿಂತು, ಹಳೇ ಚರ್ಮ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಮರಿಹುಳಕ್ಕೆ ತೇವವೇ ತಾಯಿ. ತಟ್ಟೆಗೆ ಮೇಣದ ಕಾಗದ ಹಾಸಿ, ಹುಳ ಬಿಟ್ಟು, ಸುತ್ತ ಒದ್ದೆ ಸ್ಪಂಜಿನ ಪಟ್ಟಿ ಇಟ್ಟು, ಮೇಲೆ ಇನ್ನೊಂದು ಮೇಣದ ಕಾಗದ ಹೊದಿಸಬೇಕು. ಸೊಪ್ಪು ಹಾಕುವ ಸ್ವಲ್ಪ ಮುಂಚೆ ಕಾಗದ ತೆಗೆದು ಗಾಳಿ ಆಡಿಸಬೇಕು. ಹೊರಗೆ ಕೆರೆಯ ಅಂಚಿನ ಮಣ್ಣು ಬಾಯಿ ಬಿಟ್ಟು ಬಿದ್ದಿದ್ದರೂ ನನ್ನ ಚಾಕಿ ಕೋಣೆಯಲ್ಲಿ ಮಾತ್ರ ಗಾಳಿ ಮೆತ್ತಗೆ ತಂಪಗೆ ಕೆನ್ನೆಗೆ ತಾಗುತ್ತಿತ್ತು.

ಮನೆಗೆ ಬಂದ ಮಗುವನ್ನು ಇರುವುದರಲ್ಲಿ ಒಳ್ಳೆಯ ಜಾಗದಲ್ಲಿ ತಾನೇ ಮಲಗಿಸುವುದು? ಪೆಟ್ಟಿಗೆಯನ್ನು ಒರೆಸಿ ಚಾಕಿ ಕೋಣೆಗೇ ತೆಗೆದುಕೊಂಡು ಹೋದೆ. ಒಳಗೆ ಗಿಟಾರಿನ ಸುತ್ತ ಒದ್ದೆ ಸ್ಪಂಜಿನ ಪಟ್ಟಿ ಇಟ್ಟೆ, ಮೇಲೆ ಮೇಣದ ಕಾಗದ ಹೊದಿಸಿದೆ, ಮುಚ್ಚಳ ಹಾಕಿದೆ. ಹುಳಕ್ಕೆ ಮಾಡಿದ್ದೆಲ್ಲ ಅದಕ್ಕೂ ಮಾಡಿದೆ, ಸೊಪ್ಪು ಒಂದು ಹಾಕಲಿಲ್ಲ ಅಷ್ಟೇ.

ಮೊಮ್ಮಗಳು ದಿನಾ ಅದನ್ನು ಹೊರಗೆ ತಂದು ಜಗಲಿಯ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದಳು. ವಾರ ಕಳೆಯುವುದರಲ್ಲಿ ಅವಳ ಮುಖ ಸಪ್ಪಗಾಯಿತು.

"ಅಜ್ಜಿ, ತಂತಿ ಎಲ್ಲಾ ಮೇಲಕ್ಕೆ ಎದ್ಬಿಟ್ಟಿದೆ. ಬೆರಳಲ್ಲಿ ಒತ್ತೋಕೇ ಆಗ್ತಿಲ್ಲ. ಸೌಂಡ್ ನೋಡು, ನೆಂದ ಹಗ್ಗ ಮೀಟಿದಂಗೆ."

ನಾನು ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ಉಬ್ಬಿತ್ತು! ಹೊಟ್ಟೆ ತುಂಬ ಉಂಡ ಹುಳದ ಹಾಗೆ.

ಅದೇ ವೇಳೆಗೆ ರೇಷ್ಮೆ ಇನ್‌ಸ್ಪೆಕ್ಟರು ಸೈಕಲ್ಲಿನಲ್ಲಿ ಬಂದರು. ಅವರು ಧಾರವಾಡದ ಕಡೆಯವರು, ನಮ್ಮ ಚಾಕಿ ನೋಡಿಕೊಂಡು ಹೋಗಲು ಆಗಾಗ ಬರುತ್ತಿದ್ದರು. ಕಾಲು ತೊಳೆದು ಒಳಗೆ ಬಂದವರು ಗಿಟಾರಿನ ಪೆಟ್ಟಿಗೆ ಕಂಡು ಹಾಗೇ ನಿಂತರು.

"ಏನ್ರೀ ಅಮ್ಮಾ ಇದು? ಹುಳದ ಮನ್ಯಾಗ ಆರ್ಕೆಸ್ಟ್ರಾ ಇಟ್ಟೀರೇನು? ಹಾಡು ಕೇಳಸಲಿಲ್ಲಂದ್ರ ಸೊಪ್ಪು ತಿನ್ನಂಗಿಲ್ಲ ಅಂತಾವೇನು ನಿಮ್ಮ ಹುಳಾ?"

ನಾನು ವಿಷಯ ಹೇಳಿದೆ. ಅವರು ಗೋಡೆಯ ಮೇಲಿನ, ಗಾಳಿಯ ತೇವ ಅಳೆಯುವ ಒಣ-ಒದ್ದೆ ಥರ್ಮಾಮೀಟರ್ ನೋಡಿ ನಕ್ಕರು.

"ಇಲ್ಲಿ ಗಾಳಿ ಹಿಂಡಿದ್ರ ನೀರು ಬರ್ತೈತ್ರಿ. ಮರಿಹುಳಕ್ಕ ಇದು ಅಮೃತ. ಕಟಗಿಗೆ ಅಲ್ಲ. ಮೊದಲು ಹೊರಗ ತಗೀರಿ. ಹೊರಗಿನ ಸಾಮಾನು ಹುಳದ ಮನಿಗೆ ತರಬ್ಯಾಡ್ರಿ ಅಂತ ಊರಿಗೆಲ್ಲ ನೀವ ಹೇಳ್ತೀರಿ, ಈಗ ನೀವ ಹಿಂಗ ಮಾಡಿದ್ರ?"

ತೆಗೆದೆ. ನಡುಮನೆಗೆ ತಂದಿಟ್ಟೆ. ಆದರೆ ಅಷ್ಟಕ್ಕೇ ಸುಮ್ಮನಿರುವ ಜೀವ ನನ್ನದಲ್ಲ. ತೇವ ಜಾಸ್ತಿಯಾಗಿದೆ, ಸರಿ, ತೇವ ಇಳಿಸುವುದು ನನಗೆ ಬರುವುದಿಲ್ಲವೇ? ಹುಳ ಜ್ವರಕ್ಕೆ ಕೂತಾಗ ತಟ್ಟೆ ಒಣಗಿರಬೇಕು, ಅದಕ್ಕೆ ನಾವು ಸುಣ್ಣದ ಪುಡಿ ಉದುರಿಸುತ್ತೇವೆ. ಒಂದು ಬಟ್ಟಲಿನ ತುಂಬ ಸುಣ್ಣದ ಪುಡಿ ತುಂಬಿ, ಗಿಟಾರಿನ ಕತ್ತಿನ ಪಕ್ಕದಲ್ಲಿಟ್ಟು ಮುಚ್ಚಳ ಮುಚ್ಚಿದೆ.

ಆ ಸುಣ್ಣ ಕುಡಿದದ್ದು ಬಾಯಾರಿದ ಎತ್ತು ನೀರು ಕುಡಿದ ಹಾಗೆ. ಹೊರಗೆ ಏಪ್ರಿಲ್ ತಿಂಗಳ ಬಿಸಿಲು, ಒಳಗೆ ಸುಣ್ಣ. ಒಂದೆರಡು ದಿನ ಕಳೆದು ತೆಗೆದರೆ ಎದ್ದಿದ್ದ ತಂತಿಗಳು ಈಗ ಕೆಳಗೆ ಕೂತು, ಮೀಟಿದರೆ ಜೀರುಂಡೆಯ ಹಾಗೆ ಗುಂಯ್‌ಗುಡುತ್ತಿದ್ದವು. ಮೊಮ್ಮಗಳು ಗಿಟಾರನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದಳು. ಅಂಟು ಹಾಕಿದ ಜಾಗದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ಅವಳು ಅದರ ಮೇಲೆ ಉಗುರು ಆಡಿಸಿದಳು. ಉಗುರು ಸಿಕ್ಕಿಕೊಂಡಿತು.

ನನಗೆ ಕೆರೆಯಂಗಳದ ಮಣ್ಣು ಕಣ್ಣಿಗೆ ಬಂತು. ಅದೂ ಮೊದಲು ಕೂದಲೆಳೆಯಷ್ಟೇ ಬಿಡುವುದು, ಆಮೇಲೆ ಕಾಲು ಹೋಗುವಷ್ಟು.

ಸಂಜೆ ನನ್ನ ಮಗ ಯಶವಂತಪುರದ ಕಾರ್ಖಾನೆಯಿಂದ ಬಂದವನು ಅದನ್ನು ನೋಡಿದ. "ಅವ್ವಾ, ಸಾಕು ಬಿಡು. ಇನ್ನೂ ಪೂರ್ತಿ ಸೀಳಿಲ್ಲ. ಈಗ್ಲೇ ತಗೊಂಡೋಗಿ ಸ್ಕೂಲ್ ವಾಚ್‌ಮನ್ ಅತ್ರ ಕೊಟ್ಬಿಡಾನ. ಅಲ್ಲೋದ್ಮೇಲೆ ಸೀಳಿದ್ರೆ ನಮ್ ತಲೆಗೆ ಬರಾಕಿಲ್ಲ."

ಅವನು ಹೇಳಿದ್ದು ಬುದ್ಧಿವಂತಿಕೆಯ ಮಾತೇ. ಆದರೆ ಅಲ್ಲಿಗೆ ಹೋದರೆ ಅದು ಸೀಳುವುದು ಖಂಡಿತ. ಮೊಮ್ಮಗಳು ಅಳಲಿಲ್ಲ, ನನ್ನ ಮೇಲೆ ರೇಗಿದಳು.

"ಅಜ್ಜಿ, ಜ್ವರಕ್ಕೆ ಕೂತ್ಕೊಳ್ಳೋದು ಹುಳ! ಗಿಟಾರು ಜ್ವರಕ್ಕೆ ಕೂತಿದೆ ಅಂತ ನಿಂಗೆ ಯಾರು ಹೇಳಿದ್ದು? ಮೊದ್ಲು ಅದನ್ನ ಮರಿಹುಳ ಅಂದೆ, ಆಮೇಲೆ ಜ್ವರದ ಹುಳ ಅಂದೆ. ಅದು ಯಾವ ಹುಳ ಅಂತ ಸರಿಯಾಗಿ ನೋಡಿದ್ಯಾ ನೀನು?"

ಎಂಥ ಮಾತು ಅಂದಳು ನನ್ನ ಕೂಸು! ಹುಳಕ್ಕೆ ಯಾವ ವಯಸ್ಸು ಅಂತ ನೋಡದೆ ನಾನು ಜನ್ಮದಲ್ಲಿ ಕೈ ಹಾಕಿದವಳಲ್ಲ. ಒಂದೊಂದು ವಯಸ್ಸಿಗೆ ಒಂದೊಂದು ತೇವ. ಗಿಟಾರಿಗೆ ಮಾತ್ರ ಅದನ್ನು ಕೇಳಿಕೊಂಡಿರಲಿಲ್ಲ.

ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಇದು ತಿನ್ನುವುದಿಲ್ಲ, ಬೆಳೆಯುವುದಿಲ್ಲ, ಚರ್ಮ ಕಳಚುವುದಿಲ್ಲ. ಇದರ ಬೆಳವಣಿಗೆ ಮುಗಿದಿದೆ. ಒಂದು ಚೌಕಟ್ಟಿನಲ್ಲಿ ಅಲುಗದೆ ಕೂತಿದೆ. ಮೈಮೇಲೆ ಎಳೆ ಎಳೆದುಕೊಂಡಿದೆ. ಅಯ್ಯೋ, ಇದು ಹಣ್ಣಾದ ಹುಳ! ಚಂದ್ರಿಕೆಗೆ ಬಿಟ್ಟಿರುವ ಹುಳ! ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿಡುವ, ಬಿದಿರಿನ ದೊಡ್ಡ ಚಾಪೆಯಂಥದಕ್ಕೆ ಚಂದ್ರಿಕೆ ಅನ್ನುತ್ತೇವೆ. ಅಲ್ಲಿ ಮರಿಹುಳದ ತೇವ ಕೊಟ್ಟರೆ ಗೂಡು ಕೊಳೆಯುತ್ತದೆ, ಒಣ ಬಿಸಿಲಿಗೆ ಹಿಡಿದರೆ ಎಳೆ ಹರಿಯುತ್ತದೆ. ಎರಡರ ನಡುವೆ, ತೆಳ್ಳಗೆ ಗಾಳಿ ಆಡುತ್ತಿರಬೇಕು. ವರ್ಷದಲ್ಲಿ ನಮಗೆ ಅತಿ ಚೆನ್ನಾಗಿ ಗೂಡು ಕಟ್ಟುವುದು ಯಾವಾಗ?

"ದೀಪಾವಳಿ ಕಳೆದ್ ಮ್ಯಾಲೆ!" ಅಂತ ಕೂಗಿಕೊಂಡೆ.

ಮೊಮ್ಮಗಳು ಹಣೆ ಚಚ್ಚಿಕೊಂಡಳು. "ಅದನ್ನೇ ಅಲ್ವಾ ನಾನು ಮೊದಲ್ನೇ ದಿನ ಹೇಳಿದ್ದು!"

ನಾನು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಮಗನಿಗೆ ಹೇಳಿದೆ: "ವಾಪಸ್ ಕೊಡಾಕಿಲ್ಲ ಕಣಪ್ಪ. ಇದ್ರ ಕೈಲಿ ನಾನು ಗೂಡ್ ಕಟ್ಟುಸ್ತೀನಿ."

ಮಾರನೇ ದಿನ ಕೆಲಸ ಹಿಡಿದೆ. ಮೊದಲು ಸುಣ್ಣದ ಬಟ್ಟಲು ಆಚೆ. ಪೆಟ್ಟಿಗೆಯ ಮೂಲೆಮೂಲೆಯನ್ನು ಒಣ ಬಟ್ಟೆಯಲ್ಲಿ ಒರೆಸಿದೆ. ಮೊಮ್ಮಗಳು ತಂತಿಗಳನ್ನು ಕೊಂಚ ಸಡಿಲಿಸಿದಳು. ಆಮೇಲೆ ಸ್ಪಂಜಿನ ಒಂದು ತುಂಡು ನೆನೆಸಿ, ಚೆನ್ನಾಗಿ ಹಿಂಡಿ ಒಳಗಿಟ್ಟೆ. ಸಂಜೆಯೊಳಗೆ ಅದು ರೊಟ್ಟಿಯ ಹಾಗೆ ಒಣಗಿತ್ತು. ಮತ್ತೆ ಇಟ್ಟೆ, ಮತ್ತೆ ಒಣಗಿತು. ಗಿಟಾರು ಇಷ್ಟು ಕುಡಿಯಲು ಸಾಧ್ಯವಿಲ್ಲ. ಯಾರು ಕುಡಿಯುತ್ತಿದ್ದಾರೆ?

ಪೆಟ್ಟಿಗೆಯೇ! ಒಳಗಿನ ಅಸ್ತರಿ ಬಟ್ಟೆ ಎಷ್ಟೋ ಕಡೆ ಹರಿದು ಬರಿಮರ ಕಾಣುತ್ತಿತ್ತು. ಬಣ್ಣವಿದ್ದದ್ದು ಹೊರಗೆ ಮಾತ್ರ. ಮಗುವಿಗೆ ಅಂತ ಇಟ್ಟ ಹಾಲನ್ನು ತೊಟ್ಟಿಲು ಕುಡಿಯುತ್ತಿತ್ತು. ಮೇಣದ ಕಾಗದವನ್ನು ಕತ್ತರಿಸಿ, ಬರಿಮರದ ಮೇಲೆ ಹಾಸಿ, ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನು ಹದ ಬಿಸಿ ಮಾಡಿ ಮೇಲೆ ಆಡಿಸಿದೆ. ಮೇಣ ಕರಗಿ ಮರಕ್ಕೆ ಇಳಿಯಿತು, ಕಾಗದ ಅಂಟಿಕೊಂಡಿತು. ಪೆಟ್ಟಿಗೆಯ ಬಾಯಾರಿಕೆ ನಿಂತಿತು.

ಸ್ಪಂಜು ಮರಕ್ಕೆ ನೇರವಾಗಿ ತಾಗಬಾರದು. ಅದಕ್ಕೆ ಮುಚ್ಚಳವಿರುವ ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ಕಾಯಿಸಿದ ಸೂಜಿಯಿಂದ ತೂತು ಮಾಡಿ, ಅದರಲ್ಲಿ ಹಿಂಡಿದ ಸ್ಪಂಜು ಇಟ್ಟು, ಗಿಟಾರಿನ ತಲೆಯ ಹತ್ತಿರ, ಹೊಟ್ಟೆಯಿಂದ ದೂರ ಕೂರಿಸಿದೆ. ಪೆಟ್ಟಿಗೆಯನ್ನು ಇಟ್ಟದ್ದು ನಡುಮನೆಯಲ್ಲೇ, ಹುಳದ ತಟ್ಟೆ ಇಡುವ ಮರದ ಸ್ಟ್ಯಾಂಡಿನ ಮೇಲೆ. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲುಗಳು ನೀರಿನ ಬಟ್ಟಲಲ್ಲಿ ನಿಂತಿದ್ದವು. ಬಿಸಿಲು ಕಾಯುವ ಪಶ್ಚಿಮದ ಗೋಡೆಯೂ ದೂರ, ಒಲೆಯೂ ದೂರ.

ಇನ್ನು ಒಳಗೆ ತೇವ ಎಷ್ಟಿದೆ ಅಂತ ತಿಳಿಯುವುದು ಹೇಗೆ? ಗೋಡೆಯ ಥರ್ಮಾಮೀಟರ್ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಯೋಚನೆ ಮಾಡುತ್ತ ಅಟ್ಟದಿಂದ ಹಪ್ಪಳದ ಡಬ್ಬ ಇಳಿಸಿದೆ. ಒಂದನ್ನು ತೆಗೆದರೆ ಗಾಜಿನ ಹಾಗೆ ಟಪ್ ಅಂತ ಮುರಿಯಿತು. ಬೇಸಿಗೆಯ ಹಪ್ಪಳ! ಮಳೆಗಾಲದಲ್ಲಾದರೆ ಇದೇ ಹಪ್ಪಳ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತದೆ. ದೀಪಾವಳಿ ಕಳೆದ ಮೇಲೆ ಮಾತ್ರ ಸ್ವಲ್ಪ ಬಾಗಿ, ಆಮೇಲೆ ಮುರಿಯುತ್ತದೆ. ಉದ್ದಿನ ಹಪ್ಪಳ ಒಂದನ್ನು ಪೆಟ್ಟಿಗೆಯೊಳಗೆ ಇಟ್ಟೆ. ದಿನಾ ಬೆಳಗ್ಗೆ ಅದರ ಅಂಚು ಬಗ್ಗಿಸಿ ನೋಡುವುದು, ಅದು ಹೇಳಿದ ಹಾಗೆ ಸ್ಪಂಜು ನೆನೆಸುವುದು ಅಥವಾ ಬಿಡುವುದು.

ಇನ್‌ಸ್ಪೆಕ್ಟರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಮುಂದಿನ ಸಲ ಬರುವಾಗ ಆಫೀಸಿನಿಂದ ಗಡಿಯಾರದ ಹಾಗೆ ಮುಳ್ಳಿರುವ ಒಂದು ತೇವಮಾಪಕ ತಂದು, ಹಪ್ಪಳದ ಪಕ್ಕದಲ್ಲೇ ಇಟ್ಟು ಹೋದರು. ಹಪ್ಪಳ ಬಾಗಿ ಮುರಿದ ದಿನ ಮುಳ್ಳು ಒಣ ಒದ್ದೆಗಳ ನಡುಮಧ್ಯೆ ಐವತ್ತರ ಆಸುಪಾಸಿನಲ್ಲಿ ನಿಂತಿತ್ತು.

"ಅಮ್ಮಾ, ನಿಮ್ಮ ಹಪ್ಪಳಕ್ಕ ಆಫೀಸಿನ ಸೀಲ್ ಹೊಡದು ಕೊಡ್ತೀನ್ರಿ" ಅಂದರು. ಮುಳ್ಳಿನ ಗಡಿಯಾರ ವಾಪಸ್ ಹೋಯಿತು, ಹಪ್ಪಳ ಉಳಿಯಿತು.

ಉಳಿಯಿತು ಅಂತ ಪೂರ್ತಿ ಹೇಳುವ ಹಾಗಿಲ್ಲ. ಒಂದು ಬೆಳಗ್ಗೆ ಪೆಟ್ಟಿಗೆ ತೆಗೆದರೆ ಹಪ್ಪಳವೇ ಇಲ್ಲ. ನಮ್ಮ ಯಜಮಾನರು ಕೆಂಡದ ಮೇಲೆ ಸುಟ್ಟುಕೊಂಡು ಮುದ್ದೆಯ ಜೊತೆ ತಿಂದುಬಿಟ್ಟಿದ್ದರು!

"ಗಿಟಾರಿಗೆ ಅಪ್ಪಳ ಇಕ್ತೀಯ. ನಾನ್ ಕೇಳುದ್ರೆ ಮುಗ್ದೋಯ್ತು ಅಂತೀಯ. ಅದ್ಕೇನ್ ಬಾಯಿ ಅಲ್ಲು ಐತಾ ತಿನ್ನಾಕೆ?" ಅಂತ ನನ್ನನ್ನೇ ದಬಾಯಿಸಿದರು.

ಇಷ್ಟರಲ್ಲಿ ಗಿಟಾರು ದಿನದಿಂದ ದಿನಕ್ಕೆ ಸುಧಾರಿಸುತ್ತಿತ್ತು. ತಂತಿಗಳು ತಮ್ಮ ಜಾಗಕ್ಕೆ ಬಂದವು. ಒಂದು ದಿನ ಮೊಮ್ಮಗಳು ನನ್ನ ಕೈ ಎಳೆದುಕೊಂಡು ಹೋಗಿ, ನನ್ನ ಬೆರಳನ್ನೇ ಆ ಕಪ್ಪು ಗೆರೆಯ ಮೇಲೆ ಆಡಿಸಿದಳು. ನುಣ್ಣಗಿತ್ತು. ಉಗುರು ಎಲ್ಲೂ ನಿಲ್ಲಲಿಲ್ಲ. ಸೀಳು ತಾನಾಗಿ ಬಾಯಿ ಮುಚ್ಚಿಕೊಂಡಿತ್ತು! ಇಬ್ಬರೂ ನಡುಮನೆಯಲ್ಲಿ ಕೈ ಹಿಡಿದು ಕುಣಿದೆವು, ನನ್ನ ಮಂಡಿ ನೋವು ಎಲ್ಲಿ ಹೋಯಿತೋ.

ಆದರೆ ರೋಹಿಣಿ ಮಳೆ ಬಾಕಿಯಿತ್ತಲ್ಲ. ಅದು ಹಿಡಿದುಕೊಂಡ ದಿನವೇ ನನ್ನ ಹೊಸ ಮೊಟ್ಟೆಗಳೂ ಒಡೆದವು. ಚಾಕಿ ಕೋಣೆ ಬಿಟ್ಟು ನಾನು ಅಲುಗುವ ಹಾಗಿಲ್ಲ. ಮೊಮ್ಮಗಳು ಬಾಗಿಲ ಹೊರಗೆ ನಿಂತು ಕೂಗಿದಳು.

"ಅಜ್ಜಿ, ಹಪ್ಪಳ ದೋಸೆ ಥರ ಆಗಿದೆ!"

ನನ್ನ ಕೈ ತಾನಾಗಿ ಸುಣ್ಣದ ಡಬ್ಬದ ಕಡೆ ಹೋಯಿತು. ಅರ್ಧಕ್ಕೇ ನಿಲ್ಲಿಸಿದೆ. ಮಳೆ ಬಂದರೆ ಚಂದ್ರಿಕೆಗೆ ಸುಣ್ಣ ಹಾಕುತ್ತೇವೆಯೇ? ಇಲ್ಲ. ಸೂರಿನೊಳಗೆ ತಂದು, ಎದುರುಬದುರು ಕಿಟಕಿ ತೆಗೆದು, ದೂರದಲ್ಲೊಂದು ಇದ್ದಿಲ ಒಲೆ ಇಡುತ್ತೇವೆ.

"ಸ್ಪಂಜು ತಗಿ!" ಅಂತ ಒಳಗಿಂದಲೇ ಕೂಗಿದೆ. "ಒಣಗಿದ್ ಇದ್ಲು ಎರಡ್ ಬಟ್ಟೇಲಿ ಗಂಟು ಕಟ್ಟಿ ಸೋಪಿನ್ ಡಬ್ಬಿ ಜಾಗದಲ್ಲಿ ಇಡು. ಮಳೆ ನಿಂತು ಬಿಸ್ಲು ಬಂದು ಗಾಳಿ ಬೀಸ್ದಾಗ ಮುಚ್ಚಳ ತಗ್ದು, ಬಿಸ್ಲು ತಾಗ್ದಂಗೆ ನೆರಳಲ್ಲಿ ಇಡು. ಮಳೆ ಹನಿ ಕಂಡ್ರೆ ಮುಚ್ಚು!"

ಆ ದಿನಗಳಲ್ಲಿ ನಾನು ಮರಿಹುಳಕ್ಕೆ ತೇವ ಏರಿಸುತ್ತಿದ್ದೆ, ಅವಳು ಗಿಟಾರಿಗೆ ತೇವ ಇಳಿಸುತ್ತಿದ್ದಳು. ಒಂದೇ ಮನೆ, ಒಂದೇ ಮಳೆ. ಇದ್ದಿಲು ಸುಣ್ಣದ ಹಾಗಲ್ಲ, ನಿಧಾನವಾಗಿ ಗುಟುಕು ಗುಟುಕಾಗಿ ಕುಡಿಯುತ್ತದೆ. ಗಂಟನ್ನು ಆಗಾಗ ಒಲೆಯ ಪಕ್ಕ ಕಾಯಿಸಿ ಮತ್ತೆ ಇಡುತ್ತಿದ್ದಳು. ಹುಳ ಮೊದಲನೇ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಹಾಕಿದ ದಿನ ಅವಳು ಬಾಗಿಲಿಗೆ ಓಡಿ ಬಂದು, ನನ್ನ ಕಣ್ಣ ಮುಂದೆ ಹಪ್ಪಳ ಬಗ್ಗಿಸಿದಳು. ಬಾಗಿತು. ಟಕ್ ಅಂತ ಮುರಿಯಿತು.

ಸ್ಕೂಲು ತೆರೆದ ದಿನ ತುಂತುರು. ಪೆಟ್ಟಿಗೆಗೆ ಮೇಣದ ಕಾಗದ ಸುತ್ತಿ, ಮೇಲೆ ಗೋಣಿ ಹೊದಿಸಿ, ನಾನೂ ಮೊಮ್ಮಗಳೂ ಎರಡು ಕಡೆ ಹಿಡಿದುಕೊಂಡು ಯಲಹಂಕಕ್ಕೆ ನಡೆದೆವು. ಟೀಚರು ಊರಿಂದ ಬಂದಿದ್ದರು. ಪೆಟ್ಟಿಗೆ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ತೆಗೆದವರು ಗಿಟಾರು ಬಿಟ್ಟು ಬೇರೇನನ್ನೋ ಎತ್ತಿ ಹಿಡಿದರು.

"ಇದೆಂಥದು ಅಜ್ಜಿ, ಹಪ್ಪಳವಾ?"

"ಊಂ ಕಣಮ್ಮ. ಬಗ್ಗುಸಿ ನೋಡಿ. ಅದು ದೀಪಾವಳಿ ಅಪ್ಪಳ."

ಬಗ್ಗಿಸಿದರು. ಮುರಿಯಿತು. ಅವರಿಗೆ ನಗು. ಆದರೆ ಗಿಟಾರು ಎತ್ತಿಕೊಂಡಾಗ ನಗು ನಿಂತಿತು. ಬೆರಳಿನಿಂದ ಹೊಟ್ಟೆಯನ್ನು ತಡವಿದರು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಟಾರ್ಚು ತರಿಸಿ ಒಳಗೆ ಬೆಳಕು ಬಿಟ್ಟು ನೋಡಿದರು. ಬೆರಳ ಗಂಟಿನಿಂದ ಅಲ್ಲಲ್ಲಿ ತಟ್ಟಿ, ಕಿವಿ ಹತ್ತಿರ ತಂದರು. ನನ್ನ ಮೊಮ್ಮಗಳು ನನ್ನ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು.

"ಎಲ್ಲಿ ಅಂಟು ಹಾಕಿದ್ದು ಅಂತ ನನಗೇ ಸಿಗುವುದಿಲ್ಲವಲ್ಲ ಮಾರಾಯ್ರೆ!" ಅಂದರು ಟೀಚರು.

ತಂತಿಗಳನ್ನು ಶ್ರುತಿ ಮಾಡಿ ಗಿಟಾರನ್ನು ಮೊಮ್ಮಗಳ ಕೈಗೆ ಕೊಟ್ಟರು. ಅವಳು ಬೇಸಿಗೆಯೆಲ್ಲ ಕಲಿತದ್ದನ್ನು ನುಡಿಸಿದಳು. ಆ ಕೋಣೆಯಲ್ಲಿ ನಾದ ಎಷ್ಟು ತಿಳಿಯಾಗಿ ತುಂಬಿತು ಅಂದರೆ, ಒಳ್ಳೆ ಗೂಡಿನಿಂದ ಎಳೆ ಬಿಚ್ಚಿದ ಹಾಗೆ, ಎಲ್ಲೂ ತುಂಡಾಗದೆ ಬರುತ್ತಲೇ ಇತ್ತು. ಕಾರಿಡಾರಿನಲ್ಲಿ ಹೋಗುತ್ತಿದ್ದ ಮಕ್ಕಳು ಕಿಟಕಿಗೆ ಮುಖ ಒತ್ತಿ ನಿಂತರು. ನನ್ನ ಮುಖದ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳುವ ಯೋಚನೆಯೇ ಬರಲಿಲ್ಲ.

"ಇದಿನ್ನು ನಮ್ಮ ಕೋಣೆಗೆ ಬೇಡ" ಅಂದರು ಟೀಚರು. "ಪಾಠಕ್ಕೆ ತರಲಿ, ಪಾಠ ಮುಗಿದ ಮೇಲೆ ನಿಮ್ಮಲ್ಲೇ ಇರಲಿ. ಮತ್ತೆ ಅಜ್ಜಿ, ನಮ್ಮ ಪಿಟೀಲಿನ ಪೆಟ್ಟಿಗೆ ಒಂದುಂಟು. ಅದನ್ನೂ ಒಮ್ಮೆ ನೋಡ್ತೀರಾ?"

ನೋಡದೆ ಬಿಡುತ್ತೇನೆಯೇ! ಆ ಪೆಟ್ಟಿಗೆಯೂ ಬರಿಮರ. ಮೇಣದ ಕಾಗದ ಎಷ್ಟು ಬೇಕಾಗುತ್ತದೆ ಅಂತ ನಿಂತಲ್ಲೇ ಗೇಣು ಹಾಕಿ ಅಳೆದುಕೊಂಡೆ.

ಸಂಜೆ ಎರಡನೇ ಜ್ವರ ದಾಟಿದ ಹುಳಗಳನ್ನು ಒಯ್ಯಲು ಕೊಡಿಗೇಹಳ್ಳಿಯ ರೈತರು ಬಂದಿದ್ದರು. ಹುಳ ಚೆನ್ನಾಗಿ ಬಂದಿತ್ತು, ಅವರಿಗೂ ಖುಷಿ. ಮೊಮ್ಮಗಳು ಜಗಲಿಯ ಮೇಲೆ ಕೂತು ನುಡಿಸುತ್ತಿದ್ದಳು. ವಾರಗಿತ್ತಿ ಸೊಪ್ಪಿನ ಹೊರೆ ಇಳಿಸಿ, ಅಲ್ಲೇ ಕಂಬಕ್ಕೆ ಒರಗಿ, ಹಾಡು ಮುಗಿಯುವ ತನಕ ಅಲುಗಲಿಲ್ಲ.

"ಅಕ್ಕಾ, ಅವತ್ತು ಎಣದ್ ಪೆಟ್ಗೆ ಅಂದ್ಬಿಟ್ಟಿದ್ನಲ್ಲೇ."

"ಇವತ್ತಾದ್ರೂ ಬಿಡ್ತು ಅನ್ನು."

"ಬಿಡ್ತು, ಬಿಡ್ತು, ಬಿಡ್ತು!" ಅಂತ ಅವಳು ಕೆನ್ನೆ ಕೆನ್ನೆ ಬಡಿದುಕೊಂಡು ನಕ್ಕಳು.

ಯಜಮಾನರು ಒಳಗಿಂದ ಬಂದು ಪೆಟ್ಟಿಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಅವರ ಕಣ್ಣು ಎಲ್ಲಿತ್ತು ಅಂತ ನನಗೆ ಗೊತ್ತು. ಒಳಗಿಟ್ಟಿದ್ದ ಹೊಸ ಹಪ್ಪಳ ತೆಗೆದು ಬಗ್ಗಿಸಿದೆ. ಸ್ವಲ್ಪ ಬಾಗಿತು, ಆಮೇಲೆ ಮುರಿಯಿತು. ದೊಡ್ಡ ಚೂರನ್ನು ಪೆಟ್ಟಿಗೆಯಲ್ಲಿಟ್ಟೆ. ಚಿಕ್ಕದನ್ನು ಅವರ ಕೈಗೆ ಕೊಟ್ಟೆ.